ಜಗುಲಿಯ ಮಾತು, ಒಳಮನೆಯ ಕೆಲಸ

ನನಗೆ ಕಾಯುವುದೆಂದರೆ ಆಗದು. ಏಳನೇ ತಿಂಗಳಿಗೇ ಹುಟ್ಟಿದವಳು ನಾನು. ಒಂಬತ್ತು ತಿಂಗಳು ಒಂದೇ ಕಡೆ ಕೂರುವ ವ್ಯವಧಾನ ಆಗಲೇ ಇರಲಿಲ್ಲ ಅಂತ ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಲು ಉಕ್ಕುವ ತನಕ ಒಲೆ ಮುಂದೆ ನಿಲ್ಲಲಾರೆ. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತೇನೆ, ನಡುದಾರಿಯಲ್ಲಿ ಆ ಬಸ್ಸು ನನ್ನನ್ನು ದಾಟಿಕೊಂಡು ಹೋಗುತ್ತದೆ. ಇಂಥವಳಿಗೆ ಜನರನ್ನು ಕಾಯಿಸದಂಥ ಒಂದು ವಸ್ತು ಮಾಡು ಅಂತ ಕೆಲಸ ಕೊಟ್ಟರೆ ಚಿನ್ನದಂತೆ ಮಾಡಬೇಕಿತ್ತು. ನಾನು ಮಾಡಿದ ವಸ್ತುವೋ, ದೇವಸ್ಥಾನದ ಸರದಿಗಿಂತ ಹೆಚ್ಚು ಕಾಯಿಸಿತು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ತುಮಕೂರಿನ ಕಡೆಯವಳಾದ ನಾನು ಓದಲು ಕೊಯಮತ್ತೂರಿಗೆ ಬಂದು, ಅಲ್ಲೇ ಗಾಂಧಿಪುರದ ಒಂದು ಬೇಕರಿಯ ಮೇಲಿದ್ದ ಎರಡು ಕೋಣೆಯ ಕಂಪನಿಗೆ ಸೇರಿಕೊಂಡಿದ್ದೆ. ನಾವು ಆರು ಜನ. ಗುಂಡಿಗಳಿದ್ದ ಆಗಿನ ಫೋನುಗಳಿಗೆ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ‘ಆಪ್’ ಅನ್ನುವ ಮಾತು ಇನ್ನೂ ಬಾಯಿಗೆ ಬಂದಿರಲಿಲ್ಲ. ಹನ್ನೊಂದು ಗಂಟೆಗೆ ಕೆಳಗಿನಿಂದ ಬನ್ನು ಬೇಯುವ ವಾಸನೆ ಬಂದರೆ ಆರು ಜನರ ತಲೆಯೂ ಒಟ್ಟಿಗೆ ಓಡುವುದು ನಿಲ್ಲುತ್ತಿತ್ತು.

ಒಂದು ದಿನ ನಮ್ಮ ಮ್ಯಾನೇಜರು ಬಂದು, “ಸಿರುಮುಗೈಯಿಂದ ಒಬ್ಬ ಸೀರೆ ಯಜಮಾನರು ಕೆಲಸ ಕೊಟ್ಟಿದ್ದಾರೆ. ಅವರು ಕನ್ನಡದವರು, ನೀನೂ ಕನ್ನಡದವಳು. ನೀನೇ ಹೋಗಿ ಮಾತಾಡು” ಅಂದರು. ಅವರಿಗೆ ಅಷ್ಟು ಸಾಕಿತ್ತು. ಇದೇ ನನ್ನ ಮೊದಲ ಸ್ವಂತ ಕೆಲಸ. ಮೇಟ್ಟುಪಾಳ್ಯಂ ಬಸ್ಸು ಹಿಡಿದು, ಅಲ್ಲಿಂದ ಟೌನ್ ಬಸ್ಸಿನಲ್ಲಿ ಸಿರುಮುಗೈಗೆ ಹೋದೆ.

ಯಜಮಾನರಿಗೆ ಅರವತ್ತರ ಹತ್ತಿರದ ವಯಸ್ಸು. ಹದಿನೈದು ಮಗ್ಗಗಳಲ್ಲಿ ರೇಷ್ಮೆ ಸೀರೆ ನೇಯಿಸಿ ಕೊಯಮತ್ತೂರಿನ ಅಂಗಡಿಗಳಿಗೆ ಕೊಡುತ್ತಿದ್ದರು. ಎಷ್ಟೋ ತಲೆಮಾರಿನ ಹಿಂದೆ ಇತ್ತ ಬಂದ ನೇಕಾರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡಕ್ಕೂ ತಮಿಳಿನದೇ ರಾಗ. ಜಗುಲಿಯ ಮೇಲೆ ಕೂತಿದ್ದ ಅವರು ನನ್ನನ್ನು ನೋಡಿ, “ಬಾ ಅಮ್ಮಿಣಿ, ಬಾ. ಉಂಡಿಯಾ? ಮೊದ್ಲು ತಣ್ಣಿ ಕುಡಿ” ಅಂದರು. ಆ ಸೀಮೆಯಲ್ಲಿ ಮನೆಮಗಳ ವಯಸ್ಸಿನ ಹುಡುಗಿಯರೆಲ್ಲ ಅಮ್ಮಿಣಿಗಳೇ. ಅವರನ್ನು ನಾನು ಅಯ್ಯಾ ಅಂತಲೂ ಅವರ ಹೆಂಡತಿಯನ್ನು ಅಮ್ಮಾ ಅಂತಲೂ ಕರೆಯತೊಡಗಿದೆ. ಇಲ್ಲಿ ಮನೆಯಮ್ಮ ಅನ್ನುತ್ತೇನೆ.

ಕೆಲಸ ಕೊಟ್ಟದ್ದು ಹೆಸರಿಗೆ ಯಜಮಾನರು, ನಿಜವಾಗಿ ಮನೆಯಮ್ಮ. ಕಾರಣ ಒಂದು ಮೂಟೆ. ಮೂವತ್ತು ವರ್ಷದಿಂದ ಮನೆಯಮ್ಮ ಮಾದರಿ ಸೀರೆಗಳನ್ನು ದಪ್ಪ ಬಿಳಿ ಬಟ್ಟೆಯಲ್ಲಿ ಮೂಟೆ ಕಟ್ಟಿಕೊಡುತ್ತಿದ್ದರು, ಯಜಮಾನರು ಅದನ್ನು ಎಡ ಹೆಗಲಿಗೇರಿಸಿ, ಬಸ್ಸಿನಲ್ಲಿ ಕೊಯಮತ್ತೂರಿಗೆ ಒಯ್ದು ಅಂಗಡಿ ಅಂಗಡಿಯಲ್ಲಿ ಬಿಚ್ಚಿ ತೋರಿಸುತ್ತಿದ್ದರು. ಎಡ ಹೆಗಲು ಬಲಗಡೆಯದಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಆ ದಾರಿಯ ಕಂಡಕ್ಟರು ಕೂಡ ಮೂಟೆ ಕಂಡರೆ ಸೀಟಿ ಊದಿ ನಿಲ್ಲಿಸುತ್ತಿದ್ದ, ಅದರ ಕೆಳಗೆ ಯಾರಿದ್ದಾರೆಂದು ನೋಡುತ್ತಿರಲಿಲ್ಲ.

“ಡಾಕ್ಟ್ರು ಹೇಳ್ಬುಟ್ರು ಅಮ್ಮಿಣಿ, ಇನ್ನು ಭಾರ ಹೊತ್ರೆ ಆ ಕೈ ಮೇಲಕ್ಕೇ ಏಳದಾಂ” ಅಂದರು ಮನೆಯಮ್ಮ ಒಳಗಿನಿಂದ. “ಇವ್ರ ಕಿವೀಗೆ ಹೋಗ್ಬೇಕಲ್ಲ. ನಿನ್ ಪೋನೊಳಗೆ ಸೀರೆ ಎಲ್ಲಾ ತುಂಬ್ಕೊಡು. ಆ ಮೂಟೆ ಕೆಳಗೆ ಇಳೀಬೇಕು, ಅಷ್ಟೇ.”

ಯಜಮಾನರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಮೂಟೆ ಇಲ್ಲದ ಸೀರೆ ವ್ಯಾಪಾರಿ ಅಂದರೆ ಬಾಯಿ ಇಲ್ಲದ ವಕೀಲ ಅಂತ ಅವರ ವಾದ. ಕೊನೆಗೆ ಗಂಡ ಹೆಂಡತಿ ನನ್ನ ಮುಂದೆಯೇ ಒಪ್ಪಂದ ಮಾಡಿಕೊಂಡರು. ಕೊಯಮತ್ತೂರಿನಲ್ಲಿ ಅವರ ಗಿರಾಕಿಗಳಲ್ಲೆಲ್ಲ ಮಹಾ ಕಿರಿಕಿರಿಯ ಒಬ್ಬ ಅಂಗಡಿಯವರಿದ್ದರು. ಅವರು ದೀಪಾವಳಿ ಸರಕನ್ನು ಫೋನು ನೋಡಿ ಒಪ್ಪಿದರೆ ಮೂಟೆ ಶಾಶ್ವತವಾಗಿ ಕೆಳಗೆ. ಒಪ್ಪದಿದ್ದರೆ ಹೆಗಲು ಹೋದರೂ ಸರಿ, ಮೂಟೆ ಮೇಲಕ್ಕೆ. ಒಬ್ಬ ಮನುಷ್ಯನ ಕೈ ನನ್ನ ಪ್ರೋಗ್ರಾಮಿನ ಮೇಲೆ ನಿಂತಿದೆ ಅನ್ನುವುದು ನನಗೆ ಆಗ ಅರ್ಥವಾಗಬೇಕಿತ್ತು. ನಾನು ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದೆ.

ಇನ್ನೂರು ಸೀರೆಗಳನ್ನು ಗೋಡೆಗೆ ತೂಗುಹಾಕಿ ಫೋಟೊ ತೆಗೆದೆ. ಅಂಚು ಯಾವುದು, ಬಣ್ಣ ಯಾವುದು ಎಂದು ಒತ್ತಿದರೆ ಫೋನು ಹುಡುಕಿ ತೋರಿಸಬೇಕು. ಯಜಮಾನರ ಮೇಲಿನ ಅಭಿಮಾನದಿಂದ ಒಂದು ಹೆಚ್ಚಿನ ಸೇವೆಯನ್ನೂ ಮಾಡಿದೆ. ಆ ಫೋನಿಗೆ ಕನ್ನಡ ಗೊತ್ತಿರಲಿಲ್ಲವಾದ್ದರಿಂದ, ‘ಮಾವಿನಕಾಯಿ’, ‘ಗಿಳಿ’, ‘ಹಸಿರು’ ಅಂತ ಒಂದೊಂದು ಪದವನ್ನೂ ಚಿತ್ರವಾಗಿ ಬರೆದು ಕೂರಿಸಿದೆ. ಎರಡು ವಾರದ ಕೆಲಸ. ಕೊಂಡೊಯ್ದು ಗಂಡ ಹೆಂಡತಿಯ ಮುಂದೆ ಹಿಡಿದು, ಅವರ ಕಣ್ಣಲ್ಲಿ ನೀರು ಬರುತ್ತದೆಂದು ಕಾದೆ.

ಮನೆಯಮ್ಮ ಫೋನನ್ನು ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿ, “ಇದೇನು, ತೆಲುಗಾ?” ಅಂದರು.

ಅವರಿಬ್ಬರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಶಾಲೆ, ಚೀಟಿ, ಮದುವೆ ಪತ್ರಿಕೆ ಎಲ್ಲ ತಮಿಳು. ನನಗೆ ತಮಿಳು ಬರೆಯಲು ಬರುತ್ತಿರಲಿಲ್ಲ. ಕನ್ನಡದಲ್ಲೇ ಹೊಟ್ಟೆ ತುಂಬ ಮಾತಾಡುವ ಮೂರು ಜನ, ಒಂದು ಅಕ್ಷರ ಹಂಚಿಕೊಳ್ಳಲಾರದೆ ಆ ಫೋನಿನ ಸುತ್ತ ಕೂತೆವು. ಕೊನೆಗೆ ಅಕ್ಷರಗಳನ್ನು ಕಿತ್ತುಹಾಕಿ, ಮಾವಿನಕಾಯಿಗೆ ಮಾವಿನಕಾಯಿ, ಗಿಳಿಗೆ ಗಿಳಿ, ಹಸಿರಿಗೆ ಹಸಿರು ಚೌಕ ಹಾಕಿದೆ. ಮೊದಲೇ ಹೀಗೆ ಮಾಡಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು.

ಆಫೀಸಿನಲ್ಲಿ ಐದು ಫೋಟೊ ಇಟ್ಟುಕೊಂಡು ಪರೀಕ್ಷಿಸಿದಾಗ ಎಲ್ಲ ಸೊಗಸಾಗಿ ನಡೆದಿತ್ತು. ಇನ್ನೂರು ಫೋಟೊ ತುಂಬಿದ ಮೇಲೆ ಏನಾಗುತ್ತದೆಂದು ನೋಡಲು ನನಗೆಲ್ಲಿ ಪುರುಸೊತ್ತು? ಯಜಮಾನರು ಮೊದಲ ಸಲ ಆ ಫೋನು ಹಿಡಿದು ಅದೇ ಕಿರಿಕಿರಿಯವರ ಅಂಗಡಿಗೆ ಹೋಗಿ ಬಂದು ನನಗೆ ಫೋನು ಮಾಡಿದರು. ನಡೆದದ್ದು ಹೀಗೆ. ಅಂಗಡಿಯವರು ಹಸಿರು ಮಾವಿನಕಾಯಿ ಕೇಳಿದರು. ಇವರು ಗುಂಡಿ ಒತ್ತಿದರು. ಫೋನು ಕಲ್ಲಾಯಿತು. ಮತ್ತೆ ಒತ್ತಿದರು, ಇನ್ನೊಂದು ಗುಂಡಿ ಒತ್ತಿದರು, ಸಿಕ್ಕಿದ್ದನ್ನೆಲ್ಲ ಒತ್ತಿದರು. ಅಷ್ಟು ಹೊತ್ತಿಗೆ ಅಂಗಡಿಯವರ ಕಾಫಿ ಬಂದು, ಆರಿ, ಕುಡಿದೂ ಆಯಿತು. ಆಮೇಲೆ ಫೋನಿಗೆ ಎಚ್ಚರವಾಯಿತು. ಆದರೆ ಅದು ಒತ್ತಿದ ಒಂದು ಗುಂಡಿಯನ್ನೂ ಮರೆತಿರಲಿಲ್ಲ. ಎಲ್ಲವನ್ನೂ ಸಾಲಾಗಿ, ಒಂದರ ಹಿಂದೊಂದು, ಶ್ರದ್ಧೆಯಿಂದ ನೆರವೇರಿಸಿತು. ಸೀರೆಗಳು ಪಟಪಟನೆ ಓಡಿದವು, ಕೊನೆಯ ಗುಂಡಿಗೆ ಪ್ರೋಗ್ರಾಂ ತಾನೇ ಮುಚ್ಚಿಕೊಂಡಿತು. “ಏನುಂಗ, ನಿಮ್ಮ ಸೀರೆಗೆ ನಿದ್ದೆ ಬಂತಾ?” ಅಂತ ಅಂಗಡಿಯವರು ತಮಿಳಿನಲ್ಲಿ ಕೇಳಿದರಂತೆ. ಅಂಗಡಿಯ ಹುಡುಗಿಯರೆಲ್ಲ ನಕ್ಕರಂತೆ.

ಇದರ ಕಾರಣ ತೀರ ಸರಳ. ಆ ಫೋನಿನೊಳಗೆ ಗಿರಾಕಿಯ ಮುಂದೆ ಕೂರುವವನೂ ಉಗ್ರಾಣಕ್ಕೆ ಹೋಗಿ ಹುಡುಕುವವನೂ ಒಬ್ಬನೇ ಆಗಿದ್ದ. ಅವನು ಇನ್ನೂರು ಫೋಟೊ ತೆರೆದು ಮುಚ್ಚಲು ಒಳಗೆ ಹೋದರೆ ಮುಂದೆ ಯಾರೂ ಇಲ್ಲ. ನಾನೇ ಹಾಗೆ ಬರೆದಿದ್ದೆ.

ಮ್ಯಾನೇಜರು, “ಕಾಯಿರಿ ಅನ್ನುವ ಚಿತ್ರ ಒಂದು ಹಾಕು, ಜನ ಕಾಯುತ್ತಾರೆ” ಅಂದರು. ನಾನು ಮರಳಿನ ಗಡಿಯಾರದ ಚಿತ್ರ ಹಾಕಿದೆ. ಅದು ಉರುಳಬೇಕಿತ್ತು. ಉರುಳಿಸುವವನೂ ಅದೇ ಒಬ್ಬ, ಅವನು ಉಗ್ರಾಣದಲ್ಲಿ. ಹಾಗಾಗಿ ಗಡಿಯಾರ ಪರದೆಯ ನಡುವೆ ನೆಟ್ಟಗೆ ನಿಂತುಬಿಟ್ಟಿತು. ಯಜಮಾನರು ಹುಟ್ಟಿದಾಗಿನಿಂದ ಮರಳಿನ ಗಡಿಯಾರ ಕಂಡವರಲ್ಲ. ನಡು ಸಣ್ಣಗಾಗಿ ಎರಡು ಕಡೆ ಅಗಲವಾದ ವಸ್ತು ಅವರಿಗೆ ಗೊತ್ತಿದ್ದದ್ದು ಒಂದೇ.

“ಅಮ್ಮಿಣಿ, ಈಸ್ವರನ ಡಮರು ಬತ್ತದೆ. ಬಂದ್ರೆ ಎಲ್ಲಾ ಮುಗೀತು ಅಂತ ತಾನೆ ಅರ್ಥ? ನಾನು ಬ್ಯಾಟ್ರಿ ಕಿತ್ಬುಡ್ತೀನಿ” ಅಂದರು.

ಪ್ರಳಯದ ಸೂಚನೆ ಕಂಡ ಮೇಲೆ ಯಾರು ಕಾಯುತ್ತಾರೆ? ಆ ಹೊತ್ತಿಗೆ ಬ್ಯಾಟರಿ ಕೀಳುವುದರಲ್ಲಿ ಅವರದು ಪಳಗಿದ ಕೈ. ಹೆಬ್ಬೆರಳ ಉಗುರಿನಲ್ಲಿ ಮುಚ್ಚಳ ಎಬ್ಬಿಸಿ, ಬ್ಯಾಟರಿ ತೆಗೆದು, ಉಫ್ ಅಂತ ಊದಿ, ಪಂಚೆಗೆ ತಿಕ್ಕಿ, ಮತ್ತೆ ಕೂರಿಸುವುದು. ಹಾಗೆ ಕಿತ್ತು ಕಿತ್ತು ಒಂದು ದಿನ ಫೋನು ಏಳಲೇ ಇಲ್ಲ, ರಿಪೇರಿಗೆ ನಮ್ಮ ಆಫೀಸಿಗೆ ಬಂತು. ಮರುದಿನ ಯಜಮಾನರು ಮೂಟೆ ಹೊತ್ತು ಕೊಯಮತ್ತೂರಿಗೆ ಹೋದರು. ಆ ವಾರ ನಾನು ದುರಸ್ತಿಯಾದ ಫೋನು ಕೊಡಲು ಸಿರುಮುಗೈಗೆ ಹೋದಾಗ, ಮನೆಯಮ್ಮ ಗಂಡನಿಗೆ ಅಂಗಿಯ ತೋಳು ಹಾಕಿಸುತ್ತಿದ್ದರು. ಎಡಗೈ ತಾನಾಗಿ ತೋಳಿನೊಳಗೆ ಹೋಗುತ್ತಿರಲಿಲ್ಲ. ನನ್ನನ್ನು ಕಂಡು ಯಜಮಾನರು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೊದಲ ಬಾರಿಗೆ ನನ್ನ ಅವಸರದ ಮೇಲೆ ನನಗೇ ಸಿಟ್ಟು ಬಂತು.

ಅಂದು ಅವರ ಮನೆಗೆ ಈರೋಡಿನಿಂದ ಸೀರೆ ಕೊಳ್ಳುವವರು ಬಂದರು. ಜಗುಲಿಯಲ್ಲಿ ಗಂಡಸರು ಕೂತದ್ದರಿಂದ ನಾನು ಒಳಗೆ ಮನೆಯಮ್ಮನ ಹತ್ತಿರ ಹೋಗಿ ಕೂತೆ. ಹೀಗೆ ಆ ಮನೆಯ ವ್ಯಾಪಾರವನ್ನು ಒಳಗಡೆಯಿಂದ ನೋಡುವ ಯೋಗ ನನಗೆ ಸಿಕ್ಕಿತು.

ಯಜಮಾನರು ಕೂತಲ್ಲಿಂದ ಏಳಲೇ ಇಲ್ಲ. ಬಂದವರು ಏನು ಕೇಳಿದರೂ, ಬಾಗಿಲ ಕಡೆಗೆ ತಲೆ ಕೂಡ ತಿರುಗಿಸದೆ, “ಗಿಳಿ ಅಂಚು, ಮೆರೂನು” ಅಂತ ಒಂದು ಮಾತು ಒಳಗೆ ಎಸೆದು, ಈರೋಡಿನ ಬಿಸಿಲು, ಅರಿಶಿನದ ಬೆಳೆ, ಬಂದವರ ಮಗಳ ಹೆರಿಗೆ ಎಲ್ಲ ವಿಚಾರಿಸುತ್ತಾ ಹೋದರು. ಇತ್ತ ಮನೆಯಮ್ಮ ಅಟ್ಟ, ಬೀರು, ಮರದ ಪೆಟ್ಟಿಗೆ ಎಲ್ಲ ತಡಕಿ, ಬೇಕಾದ ಸೀರೆ ತೆಗೆದು, ಹೊಸ್ತಿಲ ಒಳಗೇ ನಿಂತು, ಬಳೆಯನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಿದರು. ಯಜಮಾನರು ಮಾತು ನಿಲ್ಲಿಸಲಿಲ್ಲ. ವಾಕ್ಯ ಮುಗಿಸಿ, ಬಲಗೈಯನ್ನು ಹಿಂದಕ್ಕೆ ಚಾಚಿದರು. ಸೀರೆ ಕೈಗೆ ಬಂತು. ಬಿಡಿಸಿದರು. ಬಂದವರಿಗೆ ತಾವು ಕಾದೆವೆಂದು ಗೊತ್ತೇ ಆಗಲಿಲ್ಲ.

ಇನ್ನೊಂದು ಸಲ ಮನೆಯಮ್ಮ ಎಲ್ಲ ಕಡೆ ಹುಡುಕಿ, ಬರಿಗೈಯಲ್ಲಿ ಬಂದು, ಬಳೆ ಒಂದೇ ಸಲ ತಟ್ಟಿದರು. ಯಜಮಾನರು ಮರುಕ್ಷಣವೇ, “ಆ ಕಲರ್ ಈ ವರ್ಷ ಯಾರೂ ಕೇಳಲ್ಲಂಗ” ಅಂತ ಮಾತನ್ನು ಬೇರೆ ಬಣ್ಣಕ್ಕೆ ತಿರುಗಿಸಿದರು.

“ಒಂದು ತಟ್ಟಿದ್ರೆ ಇಲ್ಲ. ಎರಡು ತಟ್ಟಿದ್ರೆ ಇದೆ” ಅಂದರು ಮನೆಯಮ್ಮ ಪಿಸುಮಾತಿನಲ್ಲಿ. “ಮಾತಾಡೋರು ಏಳಕೂಡಾದು ಅಮ್ಮಿಣಿ. ಅವ್ರು ಎದ್ರೆ ಬಂದೋರೂ ಎದ್ಬುಡ್ತಾರೆ.”

“ನೀವೇ ಹೊರಗೆ ಹೋಗಿ ತೋರಿಸಬಹುದಲ್ಲಮ್ಮಾ? ಸೀರೆ ವಿಷಯ ನಿಮಗೇ ಹೆಚ್ಚು ಗೊತ್ತು” ಅಂದೆ. ಈ ಹೊಸ್ತಿಲ ವ್ಯವಹಾರದ ಮೇಲೆ ನನಗೆ ಒಳಗೊಳಗೇ ಉರಿಯುತ್ತಿತ್ತು.

“ಒಂದು ಸಲ ಹೋಗಿದ್ದೆ.” ಅವರಿಗೆ ನಗು ತಡೆಯಲಾಗಲಿಲ್ಲ. “ಕಲ್ಯಾಣ ಆದ ಹೊಸ್ತು. ಇವ್ರು ಬಂದೋರ ಹತ್ರ, ಕೆಂಪು ಇದೆ, ಈಗ್ತಾನೆ ಮಗ್ಗ ಇಳೀತು ಅಂತವ್ರೆ. ನಾನು ಸೀದಾ ಹೊರಗೆ ಹೋಗಿ, ಅದನ್ನ ನೆನ್ನೆನೇ ಕೊಟ್ಬುಟ್ರಲ್ಲ ಅಂದೆ. ಬಂದೋರು ಇವ್ರ ಮೊಕ ನೋಡಿದ್ರು, ನನ್ ಮೊಕ ನೋಡಿದ್ರು, ಕಾಪಿ ಕುಡುದ್ರು, ಹೋದ್ರು. ಇವತ್ತಿನ ಗಂಟ ಬಂದಿಲ್ಲ. ಒಂದು ಜಗುಲಿಗೆ ಒಂದೇ ಬಾಯಿ ಅಮ್ಮಿಣಿ.”

ನಾನು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಫೋನಿನೊಳಗೂ ಇಬ್ಬರನ್ನು ಇಡಬೇಕು: ಜಗುಲಿಯಲ್ಲಿ ಒಬ್ಬ, ಒಳಮನೆಯಲ್ಲಿ ಒಬ್ಬ. ಹೀಗೆ ಎರಡು ಎಳೆಗಳಲ್ಲಿ ಕೆಲಸ ನಡೆಸಬಹುದೆಂದು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಅದು ಬಾಳಿಗೆ ಬೇಕಾಗುವ ವಿಷಯವೆಂದು ಮಾತ್ರ ಯಾರೂ ಹೇಳಿರಲಿಲ್ಲ. ಎರಡೇ ದಿನದಲ್ಲಿ ಬರೆದು, ಒಂದು ಸಲ ಓಡಿಸಿ, ಫೋನು ಕಲ್ಲಾಗದೆ ಇದ್ದದ್ದನ್ನು ಕಂಡು ಸಂತೋಷ ತಡೆಯಲಾಗದೆ ಕಳಿಸಿಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದನ್ನು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಈ ಸಲ ಯಜಮಾನರು ಅಂಗಡಿಯಿಂದ ನೇರವಾಗಿ ನಮ್ಮ ಆಫೀಸಿಗೇ ಬಂದರು. ಮುಖ ಒಂಥರಾ ಇತ್ತು.

“ಪೋನು ಚೆನ್ನಾಗೇ ಓಡ್ತು ಅಮ್ಮಿಣಿ. ಅಂಗಡಿಯೋರು ಆರು ಸೀರೆ ಆರ್ಡರೂ ಕೊಟ್ರು.”

“ಮತ್ತೇನಯ್ಯಾ! ಮೂಟೆ ಇಳಿಯಿತಲ್ಲ?”

“ಅವ್ರು ಕೇಳಿದಂಥ ಸೀರೆ ಒಂದೂ ನಮ್ಮನೇಲಿ ಇಲ್ಲ. ನಮ್ಮನೇಲಿ ಏನು, ಲೋಕದಾಗೇ ಇಲ್ಲ.”

ಫೋನು ತೋರಿಸಿದರು. ಪರದೆಯ ಮೇಲೆ ಒಂದೇ ಸೀರೆ. ಎಡ ಅರ್ಧ ಹಸಿರು, ಅಂಚಿನಲ್ಲಿ ಮಾವಿನಕಾಯಿ. ಸರಿಯಾಗಿ ನಡುವಿನಿಂದ ಮೆರೂನು, ಅಂಚಿನಲ್ಲಿ ಗಿಳಿ. ಅಂಗಡಿಯವರು ಮೊದಲು ಹಸಿರು ಮಾವಿನಕಾಯಿ ಕೇಳಿ, ಅದು ಬರುವ ಮೊದಲೇ ಮನಸ್ಸು ಬದಲಿಸಿ ಮೆರೂನು ಗಿಳಿ ಅಂದಿದ್ದಾರೆ. ಫೋನಿನ ಒಳಮನೆಯವನು ಮೊದಲು ಹುಡುಕಿದ್ದನ್ನು ಜಗುಲಿಯವನ ಕೈಗೆ ಕೊಡುವ ಬದಲು ತಾನೇ ಜಗುಲಿಗೆ ಬಂದು ಪರದೆಯ ಮೇಲೆ ಬಳಿಯತೊಡಗಿದ್ದಾನೆ. ಅದೇ ಹೊತ್ತಿಗೆ ಎರಡನೆಯದೂ ಬಂದು ಮೆತ್ತಿಕೊಂಡಿದೆ. ಮನೆಯಮ್ಮ ಹೇಳಿದ ತಪ್ಪನ್ನೇ, ಅವರು ಹೇಳಿದ ವಾರದಲ್ಲೇ, ನಾನು ಮಾಡಿದ್ದೆ: ಒಂದು ಜಗುಲಿಗೆ ಎರಡು ಬಾಯಿ.

“ಇಂಥ ಸೀರೆ ಇಲ್ಲ ಅಂತ ಹೇಳೋದು ತಾನೆ ಅಯ್ಯಾ?”

“ಹೆಂಗೆ ಹೇಳ್ಲಿ? ಅವ್ರು ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ ‘ಪರವಾಯಿಲ್ಲಯೇ’ ಅಂದ್ರು!”

ಸುದ್ದಿ ಕೇಳಿ ಮನೆಯಮ್ಮ ತಲೆ ಮೇಲೆ ಕೈ ಹೊತ್ತು ಕೂತರಂತೆ, ಆಮೇಲೆ ನಕ್ಕರಂತೆ, ಆಮೇಲೆ ನನ್ನನ್ನು ಬೈದರಂತೆ. ಬೈಗುಳ ಏನೆಂದು ಯಜಮಾನರು ಹೇಳಲಿಲ್ಲ. ಆದರೆ ಸೀರೆ ನೇಯುವುದು ಆಕೆಗೆ ದೊಡ್ಡ ಸಮಸ್ಯೆಯಾಗಲಿಲ್ಲ. ಹಾಸಿನ ನೂಲು ಒಂದೇ ಇರಲಿ, ಹೊಕ್ಕಿನ ಬಣ್ಣವನ್ನು ನಡುವೆ ಬದಲಾಯಿಸು, ಅಂಚಿನ ಚಿತ್ರಕ್ಕೆ ತೂತು ಕೊರೆದ ರಟ್ಟಿನ ಅಟ್ಟೆಗಳನ್ನು ಅಲ್ಲೇ ಕಳಚಿ ಗಿಳಿಯ ಅಟ್ಟೆ ಹಾಕು ಅಂತ ನೇಯುವ ಅಣ್ಣನ ಪಕ್ಕದಲ್ಲಿ ಕೂತು ಹೇಳಿದರು. ಅವನು, “ಇದನ್ನ ಯಾರು ಕಂಡುಹಿಡಿದಿದ್ದು?” ಅಂತ ಗೊಣಗಿದ. “ತುಮಕೂರು ಅಮ್ಮಿಣಿ” ಅಂದರಂತೆ. ಮುಂದೆ ಒಂದು ಮದುವೆಯಲ್ಲಿ ನಾನೇ ಕಣ್ಣಾರೆ ಕಂಡೆ, ನನ್ನ ತಪ್ಪನ್ನು ಉಟ್ಟುಕೊಂಡು ಒಬ್ಬ ದಪ್ಪ ಹೆಂಗಸು ಗತ್ತಿನಿಂದ ಪಾಯಸ ಬಡಿಸುತ್ತಿದ್ದರು. ಎರಡು ಸಲ ಹಾಕಿಸಿಕೊಂಡೆ.

ಅಂಗಡಿಯವರು ಆರು ಸೀರೆ ಕೊಂಡದ್ದಕ್ಕೆ ದೀಪಾವಳಿ ಸರಕು ಒಪ್ಪಿದಂತಾಗಲಿಲ್ಲ. ಅದನ್ನು ಆರಿಸಲು ಮತ್ತೊಂದು ದಿನ ಗೊತ್ತಾಯಿತು. ಮತ್ತೆ ಇಲ್ಲದ ಸೀರೆ ತೋರಿಸಿದರೆ ಯಜಮಾನರ ಮಾನ ಹೋಗುತ್ತಿತ್ತು, ಕಲ್ಲಾದರೆ ಹೆಗಲು ಹೋಗುತ್ತಿತ್ತು.

ಈ ಸಲ ನಾನು ಎರಡು ವಾರ ತೆಗೆದುಕೊಂಡೆ. ‘ಒಂದು ಜಗುಲಿಗೆ ಒಂದೇ ಬಾಯಿ’ ಅಂತ ಚೀಟಿ ಬರೆದು ಕಂಪ್ಯೂಟರಿಗೆ ಅಂಟಿಸಿದೆ. ಆಫೀಸಿನ ಉಳಿದವರಿಗೆ ಅದು ಬೀಜಮಂತ್ರದಂತೆ ಕಂಡಿರಬೇಕು, ಯಾರೂ ಕೇಳಲಿಲ್ಲ. ಒಳಗಿನವನು ಹುಡುಕಬೇಕು, ತಂದು ಹೊಸ್ತಿಲಲ್ಲಿಟ್ಟು ತಟ್ಟಬೇಕು, ಪರದೆ ಮುಟ್ಟಕೂಡದು. ಗಿರಾಕಿ ಮನಸ್ಸು ಬದಲಿಸಿದರೆ ಹಳೆಯದನ್ನು ಅಲ್ಲೇ ಬಿಟ್ಟು ಹೊಸದಕ್ಕೆ ಹೋಗಬೇಕು. ಜಗುಲಿಯವನು ಅಷ್ಟು ಹೊತ್ತೂ ಗುಂಡಿಗೆ ಓಗೊಡುತ್ತಾ, ಮೊದಲೇ ಕೈಯಲ್ಲಿರುವ ಸೀರೆ ತೋರಿಸುತ್ತಾ ಇರಬೇಕು. ಡಮರು ತೆಗೆದುಹಾಕಿದೆ. ಇನ್ನೂರು ಸೀರೆ ತುಂಬಿ, ಕೆಳಗಿನ ಬೇಕರಿಯವನಿಂದ ಹಿಡಿದು ಮ್ಯಾನೇಜರ ತನಕ ಎಲ್ಲರ ಕೈಗೂ ಫೋನು ಕೊಟ್ಟು, ಬೇಕೆಂತಲೇ ಮನಸ್ಸು ಬದಲಿಸಿ ಅಂತ ಗೋಗರೆದೆ. ಮ್ಯಾನೇಜರಿಗೆ ಅದು ಸ್ವಭಾವದಿಂದಲೇ ಬರುತ್ತಿತ್ತು.

ಹುಡುಕಾಟ ಮುಗಿದಾಗ ಸದ್ದು ಬೇಕಿತ್ತು. ಫೋನಿನಲ್ಲಿದ್ದ ಸದ್ದುಗಳೆಲ್ಲ ಇಲಿ ಕಿರುಚಿದಂತಿದ್ದವು. ಸಿರುಮುಗೈಗೆ ಹೋಗಿ ಮನೆಯಮ್ಮನ ಬಳೆಯ ಸದ್ದನ್ನೇ ರೆಕಾರ್ಡ್ ಮಾಡಿಕೊಂಡೆ. ಒಮ್ಮೆ ಒಂದು, ಒಮ್ಮೆ ಎರಡು. “ಇದೇನು ವಿಳಯಾಟ ಅಮ್ಮಿಣಿ?” ಅಂತ ನಗುತ್ತಲೇ ತಟ್ಟಿದರು. ಯಜಮಾನರು ಆಗ ಮಗ್ಗದ ಮನೆಯಲ್ಲಿದ್ದರು, ಅವರಿಗೆ ಹೇಳಲು ಮರೆತೆ.

ಗೊತ್ತಾದ ದಿನ ನಾನು ಸಿರುಮುಗೈಗೇ ಹೋಗಿ ಅವರೊಟ್ಟಿಗೆ ಹೊರಟೆ. ಹಿಂದೆ ಫೋನು ಒಯ್ದ ದಿನಗಳಲ್ಲಿ ಸ್ಟಾಪಿನಲ್ಲಿ ಬೇರೆಯವರೂ ಇದ್ದರಂತೆ, ಅಂದು ನಾವಿಬ್ಬರೇ ನಿಂತಿದ್ದೆವು. ಬಸ್ಸು ಬಂತು, ನಮ್ಮ ಮುಂದೆಯೇ ಭರ್ರೆಂದು ಹೋಯಿತು. ಯಜಮಾನರು ದಿಗ್ಭ್ರಮೆಯಿಂದ ನೋಡುತ್ತಾ ನಿಂತರು. ಮೂವತ್ತು ವರ್ಷದಲ್ಲಿ ಆ ಬಸ್ಸು ಅವರನ್ನು ಬಿಟ್ಟು ಹೋದದ್ದಿಲ್ಲ. ಎಡ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು, “ಮೂಟೆ ಇಲ್ದಿದ್ರೆ ನಾನು ಯಾರೂ ಅಲ್ಲ ಅಮ್ಮಿಣಿ” ಅಂದರು. ನಕ್ಕೇ ಅಂದರು. ಮುಂದಿನ ಬಸ್ಸಿಗೆ ನಾನು ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದೆ.

ಅಂಗಡಿಯವರು ಗಾದಿಗೆ ಒರಗಿ ಕೂತಿದ್ದರು. ಯಜಮಾನರು ಬಾಗಿಲಿಗೆ ಬೆನ್ನು ಹಾಕಿ ಎದುರು ಕೂತರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಫೋನು ಇಬ್ಬರ ನಡುವೆ, ಬಿಳಿ ಹಾಸಿನ ಮೇಲೆ.

“ಹಳದಿ, ನವಿಲು” ಅಂದರು ಅಂಗಡಿಯವರು.

ಯಜಮಾನರು ಒತ್ತಿದರು. ಫೋನು ಕಲ್ಲಾಗಲಿಲ್ಲ. ಹುಡುಕುತ್ತಿದ್ದಂತೆಯೇ ಕೈಯಲ್ಲಿದ್ದ ಬೇರೆ ಹಳದಿಗಳನ್ನು ಒಂದೊಂದಾಗಿ ತೋರಿಸಿತು. ಯಜಮಾನರಿಗೆ ಮಾತಾಡಲು ಜಾಗ ಸಿಕ್ಕಿತು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಅಂಗಡಿಯವರ ಮೊಣಕಾಲು ನೋವು ಹೇಗಿದೆ, ಮೊಮ್ಮಗನಿಗೆ ಶಾಲೆಯಲ್ಲಿ ಸೀಟು ಸಿಕ್ಕಿತೇ ಅಂತ ಶುರುಮಾಡಿದರು. ಅಷ್ಟರಲ್ಲಿ ಫೋನಿನಿಂದ ಬಳೆ ತಟ್ಟಿತು. ಒಂದೇ ಸಲ.

ಯಜಮಾನರು ಫೋನನ್ನು ನೋಡಲೂ ಇಲ್ಲ. “ಹಳದಿ ನವಿಲು ಈ ವರ್ಷ ಓಡಲ್ಲಂಗ. ನೀಲಿ ಕೇಳ್ತಾವ್ರೆ ಎಲ್ರೂ” ಅಂತ ತಮಿಳಿನಲ್ಲಿ ಮಾತು ತಿರುಗಿಸಿ, ನೀಲಿಯನ್ನು ಒತ್ತಿ, ಮೊಮ್ಮಗನ ಶಾಲೆಗೆ ಹಿಂದಿರುಗಿದರು.

ಮತ್ತೆ ಬಳೆ. ಎರಡು ಸಲ.

ಯಜಮಾನರು ವಾಕ್ಯ ಮುಗಿಸಿದರು. ಮುಗಿಸಿ, ಕಣ್ಣು ಅಂಗಡಿಯವರ ಮೇಲೆಯೇ ಇಟ್ಟು, ಬಲಗೈಯನ್ನು ಹಿಂದಕ್ಕೆ ಚಾಚಿದರು.

ಹಿಂದೆ ಯಾರಿದ್ದಾರೆ? ಗಾಜಿನ ಬಾಗಿಲು, ಅದರಾಚೆ ರಸ್ತೆ. ಕೈ ಗಾಳಿಯಲ್ಲಿ ಹಾಗೇ ಬೆರಳು ಬಿಡಿಸಿಕೊಂಡು ನಿಂತಿತ್ತು. ಅಂಗಡಿಯವರು ಯಾರಾದರೂ ಬಂದರೇ ಅಂತ ಬಾಗಿಲ ಕಡೆ ಬಗ್ಗಿ ನೋಡಿದರು. ಅಂಗಡಿಯ ಹುಡುಗಿಯರೂ ನೋಡಿದರು. ಯಜಮಾನರು ಕೊನೆಗೆ ತಾವೂ ತಿರುಗಿ ನೋಡಿ, ಖಾಲಿ ಕೈಯನ್ನು ನೋಡಿ, ಫೋನನ್ನು ನೋಡಿ, ನನ್ನನ್ನು ನೋಡಿದರು. ಮುಖ ಕೆಂಪಾಯಿತು.

“ಏನುಂಗ ಅದು?” ಅಂತ ಅಂಗಡಿಯವರು ಕೇಳಿದರು.

“ನಮ್ಮ ಮನೆಯವಳು” ಅಂದರು ಯಜಮಾನರು.

ಅಂಗಡಿಯವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಪರದೆಯ ಮೇಲೆ ನೀಲಿ ನವಿಲು ಇಡಿಯಾಗಿ, ಅಂಚಿನಿಂದ ಅಂಚಿನ ತನಕ ಒಂದೇ ಸೀರೆಯಾಗಿ ನಿಂತಿತ್ತು. ಅದನ್ನು ನೋಡಿದರು, ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಬಳೆ ತಟ್ಟುತ್ತಾ ಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ದೀಪಾವಳಿ ಸರಕು ಪೂರ್ತಿ ಆರಿಸಿ ಮುಗಿಸಿ, “ಇನ್ನು ಇದನ್ನೇ ತನ್ನಿ. ಆ ಮೂಟೆಯಿಂದ ನನ್ನ ಹಾಸೆಲ್ಲ ಕೊಳೆಯಾಗುತ್ತದೆ” ಅಂದರು. ಅವರ ಬಾಯಲ್ಲಿ ಅದು ಆಶೀರ್ವಾದ.

ನಾವು ಸಿರುಮುಗೈ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮನೆಯಮ್ಮ ಹೊಸ್ತಿಲಲ್ಲೇ ನಿಂತಿದ್ದರು. ಗಂಡನ ಮುಖ ನೋಡುವ ಮೊದಲು ಹೆಗಲು ನೋಡಿದರು. ಯಜಮಾನರು ಜಗುಲಿಯಲ್ಲಿ ಕೂತರು. ಮಾತಿನ ಮಲ್ಲ ಅಂದು ಸುಸ್ತಾಗಿದ್ದ. ನಾನೇ ಎಲ್ಲ ಹೇಳಿದೆ, ಹಿಂದಕ್ಕೆ ಚಾಚಿದ ಕೈಯ ತನಕ.

ಮನೆಯಮ್ಮ ಕೇಳಿ ಜೋರಾಗಿ ನಕ್ಕರು. “ಏನುಂಗ, ಅಲ್ಲೂ ನಾನೇ ಕೆಲ್ಸ ಮಾಡ್ಬೇಕಾ?” ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕಡೆ ತಿರುಗಿ ಮೆಲ್ಲಗೆ, “ಆ ಕಡೆ ಹೆಂಗದೆ ಅಮ್ಮಿಣಿ? ದೊಡ್ದಾ?” ಅಂತ ಕೇಳಿದರು. ಕಡೆ ಅಂದರೆ ಅಂಗಡಿ. ಮೂವತ್ತು ವರ್ಷ ಸೀರೆ ಆರಿಸಿ ಕಳಿಸಿದ ಅಂಗಡಿಯನ್ನು ಆಕೆ ಒಂದು ಸಲವೂ ನೋಡಿರಲಿಲ್ಲ. ದೊಡ್ಡದು ಅಮ್ಮಾ, ಗಾಜಿನ ಬಾಗಿಲು ಅಂದೆ. ಹೇಳುವಾಗ ನನಗೆ ಯಾರ ಮೇಲೋ ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಒಳಗೆ ಹೋದರೆ ಮೂಲೆಯಲ್ಲಿ ಮೂಟೆ. ಕಟ್ಟಿ ಸಿದ್ಧವಾಗಿ ಕೂತಿತ್ತು.

“ನಾಳೇಗೆ ಬೇಕಾದೀತು ಅಂತ ಬೆಳಗ್ಗೇನೇ ಕಟ್ಟಿಟ್ಟೆ” ಅಂದರು ಮನೆಯಮ್ಮ, ತಪ್ಪು ಒಪ್ಪಿಕೊಳ್ಳುವವರಂತೆ. ನನ್ನ ಪ್ರೋಗ್ರಾಮಿನ ಮೇಲೆ ಅವರಿಗೆ ಇದ್ದ ನಂಬಿಕೆ ಅಷ್ಟು. ನ್ಯಾಯವಾದದ್ದೇ. ನೆಲದ ಮೇಲೆ ಕೂತು ಗಂಟು ಬಿಚ್ಚ ಹೊರಟರು. ಬಿಗಿಯಾಗಿತ್ತು. ನಾನು ಮುಂದೆ ಹೋದರೆ ಕೈ ತಳ್ಳಿದರು.

“ಬಿಚ್ಚೋಕಾಗ್ತಾ ಇಲ್ವಾ?” ಅಂತ ಜಗುಲಿಯಿಂದ ಕೇಳಿಸಿತು.

“ಮಾತಾಡೋರು ಏಳಕೂಡಾದು. ಕೂತ್ಕೊಳಿ” ಅಂದರು ಇವರು.

ಜಗುಲಿಯಲ್ಲಿ ಯಾವ ಗಿರಾಕಿಯೂ ಇರಲಿಲ್ಲ. ಯಜಮಾನರು ಎದ್ದರು. ಹೊಸ್ತಿಲು ದಾಟಿ ಒಳಗೆ ಬಂದು, ಹೆಂಡತಿಯ ಎದುರಿಗೆ ನೆಲದ ಮೇಲೆ ಕೂತು, ಗಂಟಿನ ಒಂದು ತುದಿಯನ್ನು ಬಲಗೈಯಲ್ಲಿ ಹಿಡಿದರು. ಇನ್ನೊಂದು ತುದಿ ಮನೆಯಮ್ಮ ಹಿಡಿದರು. ಮೂವತ್ತು ವರ್ಷ ಕಟ್ಟಿ ಪಳಗಿದ ಕೈಯ ಗಂಟು ಅದು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ನನ್ನ ಬಸ್ಸಿನ ಹೊತ್ತು ಮೀರಿತ್ತು. ನಾನು ಗೋಡೆಗೆ ಒರಗಿ ಕಾಯುತ್ತಾ ಕೂತೆ.